ಕೆರೆಯಂಗಳದ ಕ್ಲಬ್ಬು

ನಮ್ಮ ಹಾಸನ ಜಿಲ್ಲೆಯ ಬಯಲುಸೀಮೆ ಕಡೆ ಕ್ಲಬ್ಬು ಅಂದರೆ ಇಸ್ಪೀಟು. ಸಕಲೇಶಪುರದ ಕಾಫಿ ಬೆಳೆಗಾರರಿಗೆ ಮಂಜರಾಬಾದ್ ಕ್ಲಬ್ಬಿದೆ. 1893ರಲ್ಲಿ ಬಿಳಿಯ ಪ್ಲಾಂಟರುಗಳು ಕಟ್ಟಿಕೊಂಡಿದ್ದು, ಅದರ ಗತ್ತೇ ಬೇರೆ. ಘಟ್ಟದ ಅಂಚು ಬಿಟ್ಟು ಈಚೆಗೆ ಬಂದರೆ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ, ಬಸ್‌ಸ್ಟಾಂಡಿನ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲೆ ‘ರಿಕ್ರಿಯೇಷನ್ ಕ್ಲಬ್’ ಅಂತ ಒಂದು ಬೋರ್ಡು, ಮೆಟ್ಟಿಲ ತುಂಬ ಬೀಡಿ ತುಂಡು. ಹಾಗಾಗಿ ಅರಕಲಗೂಡಿನಿಂದ ರಾಮನಾಥಪುರಕ್ಕೆ ಹೋಗುವ ಸೀಮೆಯ ಒಂದು ಹಳ್ಳಿಯಲ್ಲಿ, ಹಾಲುಜ್ವರ ಬಂದು ಮಲಗಿದ್ದ ಹಸುವಿಗೆ ನಡುರಾತ್ರಿ ಕ್ಯಾಲ್ಸಿಯಂ ಏರಿಸಿ ಕೈ ತೊಳೆಯುತ್ತಿದ್ದ ನನಗೆ ಮನೆಯ ಯಜಮಾನರು “ಭಾನುವಾರ ನಮ್ಮ ಕ್ಲಬ್ಬಿಗೆ ಬನ್ನಿ ಡಾಕ್ಟ್ರೇ” ಅಂದಾಗ, ಸರ್ಕಾರಿ ನೌಕರನಿಗೆ ಅದೆಲ್ಲ ಆಗಿಬರೋಲ್ಲ ಸ್ವಾಮಿ ಎಂದುಬಿಟ್ಟೆ. ಹಸು ಅಷ್ಟೊತ್ತಿಗೆ ಎದ್ದು ನಿಂತು ಮೈ ಕೊಡವುತ್ತಿತ್ತು. ಅವರು ಅದರ ಬೆನ್ನು ಸವರುತ್ತಾ ನಕ್ಕರು. “ಎಲೆ ಆಟ ಅಲ್ಲ ಕಣ್ರೀ. ಗಾಲ್ಫು.”

ಇಸ್ಪೀಟು ಅಂದಿದ್ದರೇ ವಾಸಿಯಿತ್ತು ಅನ್ನಿಸಿತು. ಆಲೂಗೆಡ್ಡೆ, ಹೊಗೆಸೊಪ್ಪು ಬೆಳೆಯುವ ಊರಿನಲ್ಲಿ ಗಾಲ್ಫು ಅನ್ನುವ ಮನುಷ್ಯನ ತಲೆ ನೆಟ್ಟಗಿದೆಯೇ ಎಂದು ಅನುಮಾನಪಡುವುದು ಸಹಜ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಮನೆಯವರಿಗೆ ಇಷ್ಟವಿಲ್ಲ, ಅವರಿಗೂ ಪ್ರಚಾರವೆಂದರೆ ಆಗುತ್ತಿರಲಿಲ್ಲ. ಊರಿನವರು ‘ಗಣಿ ಗೌಡ್ರು’ ಅನ್ನುತ್ತಿದ್ದರು. ಬಳ್ಳಾರಿಯ ಸುದ್ದಿ ಜೋರಾಗಿದ್ದ ವರ್ಷಗಳಲ್ಲಿ ಆ ಹೆಸರು ಕೇಳಿ ಬಂದ ಹೊಸಬರು ಮನೆ ಮುಂದೆ ದೊಡ್ಡ ಕಾರು ಹುಡುಕುತ್ತಿದ್ದರು. ಇದ್ದದ್ದು ಒಂದು ಹಳೆಯ ಟಿವಿಎಸ್ ಎಕ್ಸೆಲ್, ಅದರ ಪಕ್ಕಕ್ಕೆ ಹಗ್ಗ ಬಿಗಿದು ಕಟ್ಟಿದ ಗಾಲ್ಫ್ ಚೀಲ.

ಗಣಿ ಅಂದರೆ ಕೋಲಾರದ ಚಿನ್ನದ ಗಣಿ. ಡಿಪ್ಲೊಮಾ ಮುಗಿಸಿದ ಹುಡುಗ ಸರ್ವೆ ಕೆಲಸಕ್ಕೆಂದು ಅಲ್ಲಿ ಸೇರಿ, 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೂ ಅಲ್ಲೇ ಇದ್ದರು. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಅಳತೆ ಮಾಡಿದವರು. ಅಷ್ಟು ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತದೆ. ಗಾಳಿ ತಣ್ಣಗೆ ಮಾಡಿ ಮೇಲಿನಿಂದ ನೂಕಬೇಕು, ಬಂಡೆ ಯಾವಾಗ ಸಿಡಿಯುತ್ತದೋ ಹೇಳಲಾಗದು. “ಅಲ್ಲಿಂದ ಮೇಲೆ ಬಂದವನಿಗೆ ಒಂದು ಚೆಂಡು ಆಕಾಶಕ್ಕೆ ಹೋಗೋದು ನೋಡಿದ್ರೂ ಸಾಕು ಅನ್ನಿಸ್ತದೆ,” ಎಂದು ಒಂದು ಸಲ ಹೇಳಿದ್ದರು. ಗಾಲ್ಫನ್ನು ಯಾಕೆ ಹಿಡಿದಿರಿ ಎಂಬ ಪ್ರಶ್ನೆಗೆ ಅವರಿಂದ ನನಗೆ ಸಿಕ್ಕ ಉತ್ತರ ಅದೊಂದೇ.

ಗಾಲ್ಫೆಂದರೆ ನಮಗೆ ಟೀವಿಯಲ್ಲಿ ಕಾಣುವ ಹಸಿರು. ಬೆಂಗಳೂರಿನಲ್ಲಿ 1876ರಿಂದ ಗಾಲ್ಫ್ ಕ್ಲಬ್ಬಿದೆ, ಮೈಸೂರಿನ ರೇಸ್‌ಕೋರ್ಸಿನ ನಡುವೆ ಜಯಚಾಮರಾಜ ಒಡೆಯರ್ ಕ್ಲಬ್ಬಿದೆ, ಎರಡರಲ್ಲೂ ನೀರು ಹಾಯಿಸಿ ಸಾಕಿದ ಹುಲ್ಲು. ಕೋಲಾರದಂಥ ಒಣಸೀಮೆಯಲ್ಲಿ ಹಾಗಾಗದು. ಗುಳಿಯ ಸುತ್ತ ‘ಗ್ರೀನ್’ ಇರಬೇಕಾದಲ್ಲಿ ಎಣ್ಣೆ ಬೆರೆಸಿ ತುಳಿದ ಮರಳಿನ ಕಣ ಇರುತ್ತದೆ. ಆಡುವವರು ಅದನ್ನು ‘ಬ್ರೌನ್’ ಅನ್ನುತ್ತಾರೆ. ಗೌಡರು ಆಟ ಕಲಿತದ್ದು ಬ್ರೌನಿನ ಮೇಲೆ. ಗಣಿ ಮುಚ್ಚಿ, ಬಂದಷ್ಟು ಹಣ ತೆಗೆದುಕೊಂಡು ಊರಿಗೆ ಮರಳಿದಾಗ ಅವರ ಕಣ್ಣಿಗೆ ಬಿದ್ದದ್ದು ಊರ ಕೆರೆಯ ಅಂಗಳ. ಮಾಘ ಕಳೆದು ನೀರು ಹಿಂದೆ ಸರಿದರೆ ಮುಂಗಾರು ಹಿಡಿಯುವವರೆಗೆ ಅದು ಯಾರಿಗೂ ಬೇಡದ ಬಯಲು. ಗರಿಕೆ ತಾನಾಗಿ ಬರುತ್ತದೆ, ಊರಿನ ದನ ಎಮ್ಮೆ ಅದನ್ನು ನೆಲಕ್ಕಂಟುವಂತೆ ಮೇಯುತ್ತವೆ. ಹುಲ್ಲು ಕತ್ತರಿಸುವುದಕ್ಕೆ ಯಂತ್ರ ಬೇಡ, ಗೊಬ್ಬರವೂ ಉಚಿತ. ದನದ ಡಾಕ್ಟರನಾಗಿ ಈ ಏರ್ಪಾಟಿಗೆ ನನ್ನ ಪೂರ್ಣ ಒಪ್ಪಿಗೆಯಿತ್ತು.

ಆರು ಗುಳಿ ಮಾಡಿದ್ದರು. ಮೂರು ಸುತ್ತು ಹೊಡೆದರೆ ಹದಿನೆಂಟು. ಸೋಸಿದ ಮರಳಿಗೆ ಟ್ರಾಕ್ಟರ್ ಗ್ಯಾರೇಜಿನ ಸುಟ್ಟ ಆಯಿಲ್ ಕಲಸಿ, ಗೋಣಿಚೀಲ ಸುತ್ತಿದ ಹಲಗೆಯಿಂದ ಎಳೆದು ಮಟ್ಟ ಮಾಡಿದ ಆರು ಬ್ರೌನು. ಪ್ರತಿ ಸಲ ಪುಟ್ ಮಾಡುವ ಮುಂಚೆ ಆ ಹಲಗೆ ಎಳೆದು ಹೆಜ್ಜೆಗುರುತು ಅಳಿಸಬೇಕು. ಗಾಲ್ಫಿನ ಗುಳಿಯ ಬಾಯಿ ಲೋಕದಲ್ಲೆಲ್ಲ 108 ಮಿಲಿಮೀಟರು. ಅವರಿಗೆ ಸಿಕ್ಕಿದ್ದು ಕಕ್ಕಸಿನ ಪಿವಿಸಿ ಪೈಪು, ಹೊರಗಿನ ಅಳತೆ 110, ಒಳಗೆ ಅದಕ್ಕಿಂತ ಕಮ್ಮಿ. ಗಣಿಯಲ್ಲಿ ಸರ್ವೆ ಮಾಡಿದವರಿಗೆ ಈ ಮೂರ್ನಾಲ್ಕು ಮಿಲಿಮೀಟರು ಗೊತ್ತಿಲ್ಲದೆ ಏನೂ ಇರಲಿಲ್ಲ. “ಇಲ್ಲಿ ಒಳಗೆ ಹಾಕಿದೋನು ಎಲ್ಲಿ ಬೇಕಾದ್ರೂ ಹಾಕ್ತಾನೆ,” ಎನ್ನುತ್ತಿದ್ದರು.

ಸ್ಥಳೀಯ ನಿಯಮಗಳನ್ನು ಒಂದು ರಟ್ಟಿನ ಮೇಲೆ ಬರೆದು ಜಗಲಿಯ ಕಂಬಕ್ಕೆ ತೂಗುಹಾಕಿದ್ದರು. ಸಗಣಿಯಲ್ಲಿ ಬಿದ್ದ ಚೆಂಡನ್ನು ದಂಡವಿಲ್ಲದೆ ಎತ್ತಬಹುದು. ಎಮ್ಮೆ ಮಲಗುವ ಕೆಸರು ಗುಂಡಿಗೆ ಬಿದ್ದರೆ ಒಂದು ಹೊಡೆತ ದಂಡ, ಎಮ್ಮೆ ಅಲ್ಲೇ ಇದ್ದರೆ ಚೆಂಡಿನ ಆಸೆ ಬಿಡುವುದು. ಕಟ್ಟಿದ ದನಕ್ಕೆ ಚೆಂಡು ತಗುಲಿದರೆ ಹೊಡೆದವನು ಆಟ ನಿಲ್ಲಿಸಿ ದನದ ಯಜಮಾನನ ಬಳಿ ಹೋಗಿ ಮಾತಾಡಿ ಬರತಕ್ಕದ್ದು. ಇದೆಲ್ಲ ತಮಾಷೆಗೆಂದು ನಾನು ತಿಳಿದಿದ್ದೆ. ಆದರೆ 1940ರಲ್ಲಿ, ಜರ್ಮನಿಯ ವಿಮಾನಗಳು ಬಾಂಬು ಹಾಕುತ್ತಿದ್ದಾಗ, ಲಂಡನ್ ಹತ್ತಿರದ ರಿಚ್‌ಮಂಡ್ ಗಾಲ್ಫ್ ಕ್ಲಬ್ಬು ಇಂಥದೇ ತಾತ್ಕಾಲಿಕ ನಿಯಮ ಮಾಡಿತ್ತಂತೆ. ಹೊಡೆಯುವ ಹೊತ್ತಿಗೆ ಬಾಂಬು ಸಿಡಿದು ಗುರಿ ತಪ್ಪಿದರೆ ಅದೇ ಜಾಗದಿಂದ ಮತ್ತೊಂದು ಚೆಂಡು ಹೊಡೆಯಬಹುದು, ಒಂದು ಹೊಡೆತ ದಂಡ ಮಾತ್ರ ತಪ್ಪದು. ಗೌಡರು ಇದನ್ನು ಬಹಳ ಗಂಭೀರವಾಗಿ ಹೇಳುತ್ತಿದ್ದರು. ಬಾಂಬಿಗೇ ವಿನಾಯಿತಿ ಇಲ್ಲದ ಮೇಲೆ ಎಮ್ಮೆಗೆಲ್ಲಿಂದ ಬರಬೇಕು.

ಭಾನುವಾರದ ಮಂದಿಯಲ್ಲಿ ಹೊಳೆನರಸೀಪುರದ ಒಬ್ಬ ವಕೀಲರು, ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಲ್ಲಿ ಉಪಗ್ರಹ ನೋಡಿಕೊಳ್ಳುತ್ತಿದ್ದ ಒಬ್ಬ ಇಂಜಿನಿಯರು, ಚನ್ನರಾಯಪಟ್ಟಣದ ಒಬ್ಬ ಕೊಬ್ಬರಿ ವ್ಯಾಪಾರಿ, ಅರಕಲಗೂಡು ಡಿಪೋದ ಒಬ್ಬ ಕಂಡಕ್ಟರು, ಹೊಗೆಸೊಪ್ಪಿನ ಬ್ಯಾರನ್ ಇದ್ದ ಇಬ್ಬರು ಅಣ್ಣತಮ್ಮಂದಿರು, ಆಲೂಗೆಡ್ಡೆ ಬೆಳೆಯುವ ಒಬ್ಬ ರೈತರು ಇದ್ದರು. ಜೊತೆಗೆ ದನ ಕಾಯುವ ಹುಡುಗರು. ಚೆಂಡು ಎಲ್ಲಿ ಬಿತ್ತೆಂದು ಅವರಿಗೆ ಗೊತ್ತಾಗುವಷ್ಟು ಬೇಗ ನಮ್ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬ್ಯಾಟು ಹಿಡಿದಷ್ಟೇ ಸಲೀಸಾಗಿ ಅವರು ಐರನ್ ಬೀಸುತ್ತಿದ್ದರು. ಬಿಡದಿಯ ಹತ್ತಿರ ಈಗಲ್‌ಟನ್ ಮೈದಾನದ ಪಕ್ಕ ಕೂಲಿಯವರ ಮಗನಾಗಿ ಬೆಳೆದ ಚಿಕ್ಕರಂಗಪ್ಪ ದೇಶದ ಹೆಸರಾಂತ ಗಾಲ್ಫರ್ ಆದ ಸುದ್ದಿಯನ್ನು ಗೌಡರು ಪೇಪರಿನಿಂದ ಕತ್ತರಿಸಿ ಆ ನಿಯಮದ ರಟ್ಟಿನ ಕೆಳಗೇ ಅಂಟಿಸಿದ್ದರು. ಆ ಹುಡುಗರಿಗೆಂದು.

ಹಾಗೆ ನೋಡಿದರೆ ಇಂಥ ಮಂದಿ ಒಟ್ಟಿಗೆ ಆಡುವುದೇ ಅಸಾಧ್ಯ. ಮೂವತ್ತು ವರ್ಷ ಆಡಿದವರ ಮುಂದೆ ನಿನ್ನೆ ಬಂದವನು ನಿಲ್ಲುವುದು ಹೇಗೆ? ಗಾಲ್ಫಿನಲ್ಲಿ ಅದಕ್ಕೊಂದು ಲೆಕ್ಕವಿದೆ, ಹ್ಯಾಂಡಿಕ್ಯಾಪ್. ಹದಿನೆಂಟು ಗುಳಿಗೆ ನೀನು ಸಾಮಾನ್ಯವಾಗಿ ಎಷ್ಟು ಹೊಡೆತ ಹೆಚ್ಚು ತಗೊಳ್ಳುತ್ತೀಯೋ ನೋಡಿ ಒಂದು ಅಂಕಿ ಕೊಡುತ್ತಾರೆ. ನಿನ್ನದು 28, ಎದುರಾಳಿಯದು 8 ಇದ್ದರೆ ಅವನು ನಿನಗೆ 20 ಹೊಡೆತ ಮೊದಲೇ ಬಿಟ್ಟುಕೊಡಬೇಕು. ಯಾವ ಗುಳಿ ಕಷ್ಟವೋ ಅಲ್ಲಿಂದ ಶುರುಮಾಡಿ ಹಂಚುತ್ತಾರೆ. ಅಷ್ಟಾದ ಮೇಲೆ ಇಬ್ಬರೂ ಜೀವ ಬಿಟ್ಟು ಆಡುವುದು. ದೊಡ್ಡವನು ಸೋಲುವ ನಾಟಕ ಮಾಡಬೇಕಿಲ್ಲ, ಚಿಕ್ಕವನು ಕೃತಜ್ಞನಾಗಬೇಕಿಲ್ಲ. ಗೌಡರ ಬಳಿ ಇದಕ್ಕೆಂದೇ ಒಂದು ಉದ್ದನೆಯ ಕಿರ್ದಿ ಪುಸ್ತಕವಿತ್ತು. ನನಗೆ ಮೊದಲು ಕೊಟ್ಟದ್ದು 28. ಅಂದರೆ ಕೈಗೆ ಕೋಲು ಕೊಡಬಹುದು ಅನ್ನುವಷ್ಟು.

ನಾನು ಈ ಬರಹದಲ್ಲಿ ಹೇಳಬೇಕೆಂದುಕೊಂಡದ್ದು ಆ ಕಿರ್ದಿಯ ವಿಷಯ. ಕೊಡುಗೈ ಗೌಡರು ಎಂದು ಅವರು ಹೋದ ಮೇಲೆ ಎಲ್ಲರೂ ಅಂದರು. ನಮ್ಮ ಕಡೆ ಕೊಡುಗೈ ಅಂದರೆ ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗದ ಹಾಗೆ ಕೊಡುವುದು. ಗೌಡರು ಕೊಡುತ್ತಿದ್ದದ್ದು ಹತ್ತು ಜನರೆದುರು, ಬರೆದು, ಲೆಕ್ಕ ಹೇಳಿ. ಅವರ ಮನೆಗೆ ಊಟಕ್ಕೆ ಬರಿಗೈಯಲ್ಲಿ ಬರುವಂತಿರಲಿಲ್ಲ. ಆದರೆ ಯಾರು ಏನು ತರಬೇಕೆಂಬುದಕ್ಕೂ ಅವರದೊಂದು ಹ್ಯಾಂಡಿಕ್ಯಾಪ್ ಇತ್ತು. ಕೊಬ್ಬರಿ ವ್ಯಾಪಾರಿ ಅರ್ಧ ಮೂಟೆ ಎಳನೀರು ತರಬೇಕು. ಕಂಡಕ್ಟರು ತಮ್ಮ ಹಿತ್ತಲ ಕರಿಬೇವಿನ ಒಂದು ಕಂತೆ ತಂದರೆ ಆಯಿತು. ದನ ಕಾಯುವ ಹುಡುಗರು ವಾರದಲ್ಲಿ ಹುಡುಕಿದ ಕಳೆದ ಚೆಂಡು ಒಪ್ಪಿಸಬೇಕು. ನಾನು ಹಳೆಯ ಕನ್ನಡ ಮಾಸಪತ್ರಿಕೆ ತರಬೇಕಿತ್ತು, ಅಮ್ಮನಿಗೆ, ಅಂದರೆ ಗೌಡರ ಹೆಂಡತಿಗೆ. ಎಲ್ಲವೂ ಕಿರ್ದಿಯ ಒಂದೇ ಪುಟದಲ್ಲಿ, ಒಂದೇ ಅಕ್ಷರದಲ್ಲಿ ಜಮಾ ಆಗುತ್ತಿತ್ತು. ಆದ್ದರಿಂದ ಜಗಲಿಯಲ್ಲಿ ಎಲೆ ಹಾಕಿದಾಗ ವಕೀಲರ ಪಕ್ಕ ಕೂತ ಹುಡುಗ ಇನ್ನೊಂದು ಮುದ್ದೆ ಕೇಳುವುದಕ್ಕೆ ಅಂಜುತ್ತಿರಲಿಲ್ಲ. ಅವನ ಲೆಕ್ಕ ಚುಕ್ತಾ ಆಗಿತ್ತು.

ಊಟವೂ ಊಟವೇ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರು, ಬೇರೆ ದಿನ ಬಸ್ಸಾರು ಮುದ್ದೆ, ಬೆಳಗಿನ ಹೊತ್ತಾದರೆ ಅಕ್ಕಿರೊಟ್ಟಿಗೆ ಹುಚ್ಚೆಳ್ಳು ಚಟ್ನಿ, ಹೊಸಬರು ಬಂದರೆ ನಾಟಿಕೋಳಿ. ಗಾಲ್ಫಿನವರು ಬಾರನ್ನು ‘ಹತ್ತೊಂಬತ್ತನೇ ಗುಳಿ’ ಅನ್ನುವುದುಂಟು. ಇಲ್ಲಿ ಹತ್ತೊಂಬತ್ತನೆಯದು ಜಗಲಿ, ಅಲ್ಲಿ ನೀರುಮಜ್ಜಿಗೆ. ಸಂಜೆ ಯಾರಾದರೂ ಬಾಟ್ಲಿ ತಂದರೆ ಬೇಡವೆನ್ನುತ್ತಿರಲಿಲ್ಲ, ಕಿರ್ದಿಯಲ್ಲಿ ‘ಔಷಧ’ ಎಂದು ಬರೆದುಕೊಳ್ಳುತ್ತಿದ್ದರು.

ಅಂಗಮಾರಿ ರೋಗ ಬಿದ್ದು ಆಲೂಗೆಡ್ಡೆ ಹೊಲಗಳು ವಾರದೊಳಗೆ ಸುಟ್ಟಂತಾದ ವರ್ಷವೊಂದಿತ್ತು. ಹಾಸನದ ಎಪಿಎಂಸಿಗೆ ಜಲಂಧರದಿಂದ ಬರುವ ಬಿತ್ತನೆ ಗೆಡ್ಡೆ ಸಾಲ ಮಾಡಿ ತಂದವರು ತಲೆ ಮೇಲೆ ಕೈ ಹೊತ್ತು ಕೂತರು. ನಮ್ಮ ಜೊತೆ ಆಡುತ್ತಿದ್ದ ರೈತರು ಭಾನುವಾರ ಬರುವುದನ್ನೇ ಬಿಟ್ಟರು. ಗೌಡರು ಅವರ ಮನೆಗೆ ಹೋಗಿ ಕರೆತಂದು, ಎಲ್ಲರೆದುರು ಕಿರ್ದಿ ತೆಗೆದು, ಬಿತ್ತನೆಗೆ ಇಷ್ಟು ಹಣ, ಬಡ್ಡಿಯಿಲ್ಲ, ಎರಡು ವರ್ಷ ಗಡುವು ಎಂದು ಬರೆದರು. ನನಗೆ ಕಸಿವಿಸಿಯಾಯಿತು. ಗುಟ್ಟಾಗಿ ಕೊಡಬಹುದಿತ್ತಲ್ಲ? ಗಡುವು ಬಂದ ದಿನ ಕೇಳಿಯೂಬಿಟ್ಟರು. ಆ ವರ್ಷ ಬೆಲೆ ಬಿದ್ದಿತ್ತು. ರೈತರು ಅರ್ಧ ಕೊಟ್ಟರು, ಉಳಿದರ್ಧಕ್ಕೆ ಇನ್ನೊಂದು ಗಡುವು ಬಿತ್ತು. ಆಮೇಲೊಂದು ದಿನ ಅವರ ಎತ್ತಿಗೆ ಲಸಿಕೆ ಹಾಕಲು ಹೋದಾಗ ಈ ಮಾತು ತೆಗೆದೆ. “ಅವರು ಕೇಳ್ದೆ ಸುಮ್ನೆ ಇದ್ದಿದ್ರೆ ಆ ಮನೆ ಮುಂದೆ ನಾನು ಹಾಯ್ತಾನೇ ಇರ್ಲಿಲ್ಲ ಡಾಕ್ಟ್ರೇ,” ಎಂದರು ರೈತರು. “ಕೇಳಿದ್ರು ನೋಡಿ, ಅದ್ಕೇ ಇವತ್ತೂ ಹೋಗಿ ಅವರ್ನ ಸೋಲಿಸಿ ಬತ್ತೀನಿ.”

ಗೌಡರಲ್ಲಿ ಹುಳುಕೇ ಇರಲಿಲ್ಲ ಎಂದರೆ ಅವರ ಹೆಂಡತಿಯೇ ನಗುತ್ತಾರೆ. ಹದಿನೈದು ಇಪ್ಪತ್ತು ಜನಕ್ಕೆ ಮುದ್ದೆ ತಿರುವಿದ್ದು ಅವರು, ಕಿರ್ದಿಯಲ್ಲಿ ಜಮಾ ಆದದ್ದು ಬೇರೆಯವರ ಕರಿಬೇವು. ಈ ಲೆಕ್ಕ ಅಷ್ಟು ನಿಖರವಾಗಿ ಅಳೆಯುವ ಮನುಷ್ಯನಿಗೆ ಬಹಳ ವರ್ಷ ಹೊಳೆಯಲೇ ಇಲ್ಲ. “ನಿಮ್ಮ ಗಂಡಸರ ಧಾರಾಳಕ್ಕೆಲ್ಲ ನನ್ನ ಒಲೆ ಉರೀಬೇಕು,” ಎಂದು ಅಮ್ಮ ಒಂದು ದಿನ ನಮ್ಮೆಲ್ಲರೆದುರು ಅಂದರು. ಸಿಟ್ಟಿರಲಿಲ್ಲ, ಸುಮ್ಮನೆ ಹೇಳಿದರು. ಗೌಡರು ಸ್ವಲ್ಪ ಹೊತ್ತು ಸುಮ್ಮನಿದ್ದು ಕಿರ್ದಿ ತರಿಸಿ, ಮುಂದಿನ ವಾರದಿಂದ ಪಾತ್ರೆ, ನೀರು, ಸೌದೆ ಸದಸ್ಯರ ಪಾಲು ಎಂದು ಬರೆದರು. ವಕೀಲರು ತಪ್ಪಲೆ ತಿಕ್ಕುವುದನ್ನು ನೋಡಲು ಊರಿನ ಹೆಂಗಸರು ನೆಪ ಮಾಡಿಕೊಂಡು ಆ ಬೀದಿಯಲ್ಲಿ ಓಡಾಡಿದರು. ಒಳ್ಳೆಯದೇ ಆಯಿತು, ಆದರೆ ತಡವಾಗಿ ಆಯಿತು. ಆತಿಥ್ಯದ ಬಗ್ಗೆ ನಾವು ಗಂಡಸರು ಬರೆಯುವಾಗೆಲ್ಲ ಈ ಒಂದು ಸಾಲು ಬಿಟ್ಟುಹೋಗುತ್ತದೆ.

2013ರಲ್ಲಿ ಕಾಲುಬಾಯಿ ಜ್ವರ ದಕ್ಷಿಣದ ಜಿಲ್ಲೆಗಳನ್ನು ಹಿಡಿದಾಗ ನನಗೆ ಭಾನುವಾರವೆಂಬುದೇ ಇರಲಿಲ್ಲ. ಊರೂರಲ್ಲಿ ದನ ಬೀಳುತ್ತಿದ್ದವು. ಗೌಡರು ಆ ಹಂಗಾಮಿನಲ್ಲಿ ಕೆರೆಯಂಗಳದ ಆಟವನ್ನೇ ನಿಲ್ಲಿಸಿದರು. ಬೇರೆ ಬೇರೆ ಊರಿನ ಜನ ಬೂಟು ಕಾಲಲ್ಲಿ ಓಡಾಡಿ ರೋಗ ಹರಡಬಾರದೆಂದು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಆಮೇಲೆ ನನಗೆ ಹೊಳೆನರಸೀಪುರಕ್ಕೆ ವರ್ಗವಾಯಿತು, ಅಲ್ಲಿಂದ ನನ್ನ ಸ್ವಂತ ತಾಲ್ಲೂಕು ಚನ್ನರಾಯಪಟ್ಟಣಕ್ಕೆ. ಸಂಕ್ರಾಂತಿ ಹೊತ್ತಿನ ಬೂಕನಬೆಟ್ಟದ ದನಗಳ ಜಾತ್ರೆಗೆ ನಾನು ಡ್ಯೂಟಿ ಮೇಲೆ ಹೋದರೆ ಗೌಡರು ಎತ್ತು ನೋಡುವ ನೆಪದಲ್ಲಿ ಬರುತ್ತಿದ್ದರು. ಊರುಗೋಲಿನ ಬದಲು ಕೈಯಲ್ಲಿ ಒಂದು ಐದನೇ ನಂಬರಿನ ಐರನ್. ಹಳ್ಳಿಕಾರ್ ಜೋಡಿಯ ಮುಂದೆ ನಿಂತ ರೈತರು ಅದೇನು ಆಯುಧ ಎಂದು ಕೇಳಿದರೆ ಹೊಡೆದು ತೋರಿಸಿಯೇ ಬಿಡುತ್ತಿದ್ದರು. ಜಾತ್ರೆಯ ಗುಂಪಲ್ಲಿ ಅದು ಅಪಾಯದ ಕೆಲಸ, ನಾನು ಕೈ ಹಿಡಿದುಕೊಳ್ಳುತ್ತಿದ್ದೆ.

2021ರ ಆಗಸ್ಟ್ 7ರಂದು ಶನಿವಾರ ಬೆಳಗಿನ ಜಾವ ಅವರ ಫೋನು ಬಂತು. “ಎದ್ದು ಟೀವಿ ಹಾಕಿ. ನಮ್ಮ ಹುಡುಗಿ ಎರಡನೇ ಜಾಗದಲ್ಲಿದಾಳೆ.” ಟೋಕಿಯೊ ಒಲಿಂಪಿಕ್ಸಿನ ಕೊನೆಯ ಸುತ್ತು, ಬೆಂಗಳೂರಿನ ಅದಿತಿ ಅಶೋಕ್. ಚೀಲ ಹೊತ್ತು ಅವಳ ಜೊತೆ ನಡೆಯುತ್ತಿದ್ದದ್ದು ಅವಳ ತಾಯಿ ಮಹೇಶ್ವರಿ. ಗೌಡರಿಗೆ ಅದು ಬಹಳ ಹಿಡಿಸಿತ್ತು. ಕೊರೊನಾ ದಿನಗಳು, ಹೊರಗೆ ಸೋನೆ, ಆದರೂ ಅವರು ಟೀವಿಯನ್ನು ಜಗಲಿಗೆ ತಂದಿಟ್ಟು ಅರ್ಧ ಊರನ್ನು ಎಬ್ಬಿಸಿದ್ದರಂತೆ. ನಾನು ಚನ್ನರಾಯಪಟ್ಟಣದ ಮನೆಯಲ್ಲಿ, ಅವರು ಅಲ್ಲಿ, ಫೋನು ಇಡದೆ ಗುಳಿ ಗುಳಿಗೂ ಮಾತಾಡಿದೆವು. ನಡುವೆ ಅಲ್ಲಿ ಮಳೆ ಬಂದು ಆಟ ನಿಂತಿತು. ಕೊನೆಗೆ ಒಂದೇ ಒಂದು ಹೊಡೆತದಿಂದ ಕಂಚು ತಪ್ಪಿ ನಾಲ್ಕನೆಯವಳಾದಳು. ಅದೇ ಸಂಜೆ ನೀರಜ್ ಚೋಪ್ರಾ ಜಾವೆಲಿನ್‌ನಲ್ಲಿ ಚಿನ್ನ ಗೆದ್ದದ್ದರಿಂದ ಊರೆಲ್ಲ ಪಟಾಕಿ. ಗೌಡರು ಮಾತ್ರ ಮಾರನೇ ದಿನವೂ ಆ ಒಂದು ಹೊಡೆತ ಎಲ್ಲಿ ಹೋಯಿತೆಂದು ಲೆಕ್ಕ ಹಾಕುತ್ತಿದ್ದರು. ವಿಶ್ವಶ್ರೇಯಾಂಕದಲ್ಲಿ 200ನೆಯವಳಾಗಿ ಹೋಗಿ ಒಂದನೆಯವಳನ್ನು ಕೊನೆತನಕ ಬೆನ್ನಟ್ಟಿದ್ದನ್ನು ಅವರು ಸೋಲೆಂದು ಒಪ್ಪಲಿಲ್ಲ. “ಅಲ್ಲಿ ಹ್ಯಾಂಡಿಕ್ಯಾಪ್ ಕೊಡಲ್ಲ ಕಣ್ರೀ,” ಎಂದರು.

ಗಣಿಯ ಧೂಳು ಎಷ್ಟು ವರ್ಷವಾದರೂ ಎದೆಯಿಂದ ಇಳಿಯುವುದಿಲ್ಲ. ಕೊನೆಯ ಎರಡು ಮೂರು ಬೇಸಿಗೆ ಅವರು ಆರು ಗುಳಿಯನ್ನೂ ಒಂದೇ ಸಲ ಮುಗಿಸುತ್ತಿರಲಿಲ್ಲ. ಹಲಗೆ ಎಳೆಯುವ ಹುಡುಗನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಕಳೆದ ವರ್ಷ ಆಷಾಢದಲ್ಲಿ, ಹಾಸನದ ಆಸ್ಪತ್ರೆಯಿಂದ ಮನೆಗೆ ಬಂದ ವಾರದೊಳಗೆ ಹೋದರು.

ತಿಥಿಯ ದಿನ ಕೆಜಿಎಫ್‌ನಿಂದ ಹಳೆಯ ಜೊತೆಗಾರರು ಬಂದರು. ಹಿಂದಿನ ದಿನ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರು, ಅಲ್ಲಿಂದ ಶ್ರವಣಬೆಳಗೊಳದ ಮೇಲೆ ಬರುವ ರೈಲಿನಲ್ಲಿ ಹಾಸನ, ಮತ್ತೆ ಬಸ್ಸು. ಎಪ್ಪತ್ತು ದಾಟಿದವರು, ತಮಿಳು ಬೆರೆತ ಕನ್ನಡ. ಅವರಲ್ಲೊಬ್ಬರು ಹೇಳಿದ ಮೇಲೇ ನಮಗೆ ತಿಳಿದದ್ದು: ಗೌಡರು ಅಲ್ಲಿ ಮೊದಲಿಗೆ ಆಟಗಾರರಾಗಿರಲೇ ಇಲ್ಲ. ಡ್ಯೂಟಿ ಮುಗಿದ ಮೇಲೆ ಚೆಂಡು ಹುಡುಕುವ ಹುಡುಗರ ಜೊತೆ ನಿಂತು ದೂರದಿಂದ ನೋಡುತ್ತಿದ್ದರಂತೆ. ಒಬ್ಬ ಹಿರಿಯ ಫೋರ್‌ಮನ್ ಒಂದು ದಿನ ಕರೆದು, ಹೆಸರು ಕೇಳಿ, ಒಂದು ಅಂಕಿ ಬರೆದುಕೊಂಡು, ಈಗ ನೀನೂ ನಾನೂ ಸಮ, ಹೊಡಿ ಎಂದರಂತೆ. ಇಷ್ಟು ವರ್ಷದಲ್ಲಿ ಗೌಡರು ಇದನ್ನು ಒಮ್ಮೆಯೂ ಹೇಳಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು. “ಹೇಳಿದ್ರೆ ನೀವೆಲ್ಲ ಕಣ್ಣೀರು ಹಾಕ್ತೀರಿ ಅಂತಿದ್ರು,” ಎಂದರು.

ಈಗ ಆ ಕೆರೆಗೆ ಏತನೀರಾವರಿಯಿಂದ ನೀರು ತುಂಬಿಸುತ್ತಿದ್ದಾರೆ. ಊರಿಗೆ ಒಳ್ಳೆಯದು, ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆ. ಎರಡನೆಯ, ಮೂರನೆಯ, ಐದನೆಯ ಬ್ರೌನುಗಳು ಬೇಸಿಗೆಯಲ್ಲೂ ನೀರಿನಡಿ. ಉಳಿದ ಮೂರನ್ನು ಇಟ್ಟುಕೊಂಡು ಆರು ಸುತ್ತು ಹೊಡೆಯಬೇಕೆಂದು ವಕೀಲರು, ಗೌಡರ ತೆಂಗಿನ ತೋಟದಲ್ಲಿ ಹೊಸದಾಗಿ ಮಾಡೋಣವೆಂದು ಕೊಬ್ಬರಿ ವ್ಯಾಪಾರಿ. ತೋಟದಲ್ಲಾದರೆ ಚೆಂಡು ಮರಕ್ಕೆ ಬಡಿದು ಹೊಡೆದವನ ಹಣೆಗೇ ವಾಪಸ್ಸು ಬರುತ್ತದೆಂದು ಇಂಜಿನಿಯರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಜಗಳ ಇನ್ನೂ ಮುಗಿದಿಲ್ಲ, ಮುಗಿಯುವುದು ಯಾರಿಗೂ ಬೇಕಾದಂತೆಯೂ ಇಲ್ಲ.

ಕಿರ್ದಿ ಈಗ ಅಮ್ಮನ ಕೈಯಲ್ಲಿದೆ. ಅವರು ಒಂದು ದಿನವೂ ಕೋಲು ಹಿಡಿದು ಆಡಿದವರಲ್ಲ. ಆದರೆ ಅಡುಗೆಮನೆಯ ಕಿಟಕಿಯಿಂದ ಇಪ್ಪತ್ತು ವರ್ಷ ನಮ್ಮೆಲ್ಲರ ಹೊಡೆತ ನೋಡಿದ್ದಾರೆ. ಯಾರು ಚೆಂಡನ್ನು ಕಾಲಿನಿಂದ ಸರಿಸುತ್ತಾರೆ, ಯಾರು ಆರನ್ನು ಐದು ಅನ್ನುತ್ತಾರೆ, ಎಲ್ಲ ಅವರಿಗೆ ಗೊತ್ತು. ವಯಸ್ಸಾಯಿತು, ಮಂಡಿ ನೋವು, ನನ್ನ ಹ್ಯಾಂಡಿಕ್ಯಾಪ್ ಸ್ವಲ್ಪ ಏರಿಸಿ ಎಂದು ವಕೀಲರು ಅರ್ಜಿ ಹಾಕಿದ್ದರು. ವಜಾ ಆಯಿತು. ಹೋದ ಭಾನುವಾರ ನಾನು ಮಾಸಪತ್ರಿಕೆಗಳ ಕಟ್ಟು ಒಪ್ಪಿಸಿ, ನನ್ನ 24 ಹಾಗೇ ಇದೆ ತಾನೇ ಅಮ್ಮ ಎಂದು ಕೇಳಿದೆ. ಕನ್ನಡಕ ಏರಿಸಿ ಪುಟ ತಿರುವಿದರು. “ಇಪ್ಪತ್ತೆರಡು ಮಾಡಿದೀನಿ ಡಾಕ್ಟ್ರೇ. ರಿಟೈರಾದ ಮೇಲೆ ನಿಮಗೆ ಪ್ರಾಕ್ಟೀಸು ಜಾಸ್ತಿ ಆಗ್ಯದೆ. ಹೋಗಿ, ಆ ಹಂಡೆಗೆ ಎರಡು ಬಿಂದಿಗೆ ನೀರು ಹಾಕಿ ಬನ್ನಿ.”